ಕೋಡಂಗಿ ಕೇಳಿದ ಪ್ರಶ್ನೆ

‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆಯನ್ನು ನಮ್ಮ ಬ್ಯಾಂಕಿನಲ್ಲಿ ಯಾರಾದರೊಬ್ಬರು ಹೇಳದೆ ಬಿಡುವುದಿಲ್ಲ. ಕಂತು ಕಟ್ಟದವರ ಪಟ್ಟಿ ತಯಾರಾಗುವ ದಿನವಂತೂ ಖಂಡಿತ. ಎಲ್ಲರ ಜೊತೆ ನಾನೂ ನಗುತ್ತೇನೆ. ಆದರೆ ಕೋಡಂಗಿ ಎಂದಾಗ ನನಗೆ ನೆನಪಾಗುವುದು ಗಾದೆಯ ಆ ಪೆದ್ದನಲ್ಲ. ತಮಿಳಿನಲ್ಲಿ ಕೋಡಂಗಿ ಎಂದರೆ ಉಡುಕ್ಕೈ ಬಾರಿಸಿ, ದೇವರನ್ನು ಮೈಮೇಲೆ ಬರಿಸಿಕೊಂಡು, ಕಾಯಿಲೆಯ ಕಾರಣ ಹೇಳುವವನು. ಅಂಥ ಒಬ್ಬ ಮುದುಕನನ್ನು ನಾನು ಕಂಬಂ ಪಟ್ಟಣದಲ್ಲಿ ಕಂಡೆ. 2001ರ ಜುಲೈ ತಿಂಗಳು. ಆಗಷ್ಟೇ ಬಿ.ಎ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ.

ಕಂಬಂನಲ್ಲಿ ನನ್ನ ಸೋದರಮಾವನ ಹೋಟೆಲಿತ್ತು. ಕಾಸರಗೋಡಿನಿಂದ ಕೋಟ್ಟಯಂವರೆಗೆ ರೈಲು, ಅಲ್ಲಿಂದ ಕುಮಳಿಗೆ ಬಸ್ಸು. ಕುಮಳಿ ದಾಟಿ ಘಾಟಿ ಇಳಿದರೆ ಭಾಷೆ ಬದಲಾಗುತ್ತದೆ, ಗಾಳಿಯೂ ಬದಲಾಗುತ್ತದೆ. 1895ರಲ್ಲಿ ಕಟ್ಟಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಸುರಂಗದಲ್ಲಿ ಹರಿದು ಬಂದು ಆ ಕಣಿವೆಯನ್ನು ಹಸಿರು ಮಾಡಿದೆ. ಎಲ್ಲಿ ನೋಡಿದರೂ ಗದ್ದೆ, ತೆಂಗು, ದ್ರಾಕ್ಷಿಯ ಚಪ್ಪರ. ಅಲ್ಲಿ ಕನ್ನಡ ಮನೆಮಾತಿನ ಒಕ್ಕಲಿಗ ಕಪ್ಪಿಲಿಯರು ತಲೆಮಾರುಗಳಿಂದ ನೆಲೆಸಿದ್ದಾರೆ. ಮಾಟ್ಟುಪೊಂಗಲ್ ದಿನ ನಂದಗೋಪಾಲನ ಕೊಟ್ಟಿಗೆಯಲ್ಲಿ ದೇವರ ದನಗಳಿಗೆ ಪೂಜೆ ಮಾಡುವವರು ಇವರೇ. ಪಕ್ಕದ ಮನೆಯ ಇಂಥ ಒಬ್ಬ ಅಜ್ಜಿಯೊಡನೆ ಅತ್ತೆ ಬೇಲಿಯಾಚೆಯಿಂದ ಕನ್ನಡದಲ್ಲೇ ಮಾತಾಡುತ್ತಿದ್ದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧ ಕಷ್ಟಸುಖದ ಮಾತು, ಅದಕ್ಕೆ ಭಾಷೆ ಬೇಕಿರಲಿಲ್ಲ.

ಮಾವನ ಮಗ, ನನಗಿಂತ ಒಂದು ವರ್ಷ ಹಿರಿಯ ಭಾವ, ಆ ವರ್ಷ ನಿದ್ದೆ ಬಿಟ್ಟಿದ್ದ. ಯಾರೋ ಕರೆಯುತ್ತಾರೆ ಎನ್ನುತ್ತಿದ್ದ. ಗಿರಾಕಿಗಳು ತನ್ನನ್ನೇ ನೋಡಿ ನಗುತ್ತಾರೆಂದು ಒಮ್ಮೆ ಎಲೆ ಎಳೆದು ಬಿಸಾಡಿದ. ಮದುರೆಯ ವೈದ್ಯರೊಬ್ಬರು ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಕೈ ನಡುಗುವುದನ್ನು ಕಂಡು ಅತ್ತೆ ಯಾರಿಗೂ ಹೇಳದೆ ಅದನ್ನು ನಿಲ್ಲಿಸಿಬಿಟ್ಟಿದ್ದರು.

ಬಂಧುಗಳೊಬ್ಬರು ಒಂದು ಉಪಾಯ ಹೇಳಿದರು. ದೂರದಲ್ಲಿ ಒಂದು ದೈವಸ್ಥಾನವಿದೆ, ಅಲ್ಲಿ ಇಂಥವರನ್ನು ಬಿಟ್ಟು ಬರಬಹುದು, ತಿಂಗಳು ತಿಂಗಳು ದುಡ್ಡು ಕಳುಹಿಸಿದರಾಯಿತು ಎಂದು. ಮಾವ ನನ್ನ ಕಡೆ ತಿರುಗಿ, “ನೀನು ಓದಿದವನು, ಹೇಳು ಮಾರಾಯ” ಎಂದರು. ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ನಾನು ಲೆಕ್ಕ ಹಾಕಿದೆ. ಅಲ್ಲಿಗೆ ಕಳುಹಿಸುವ ದುಡ್ಡು ಒಂದು ಕಡೆ, ಇಲ್ಲಿ ಕೆಡುವ ವ್ಯಾಪಾರ ಇನ್ನೊಂದು ಕಡೆ. “ಬಿಡುವುದೇ ಒಳ್ಳೆಯದು ಮಾವ” ಎಂದೆ. ಲೆಕ್ಕ ಸರಿಯಾಗಿಯೇ ಇತ್ತು.

ಅತ್ತೆ ಒಪ್ಪಲಿಲ್ಲ. ಪಕ್ಕದ ಮನೆಯ ಅಜ್ಜಿಯ ಮೂಲಕ ಕೋಡಂಗಿಗೆ ಹೇಳಿಕಳುಹಿಸಿದರು.

ರಾತ್ರಿ ಹಿತ್ತಿಲಿನಲ್ಲಿ ದೀಪ ಹಚ್ಚಿ, ವಿಭೂತಿ, ಲಿಂಬೆಹಣ್ಣು, ವೀಳ್ಯ ಇಟ್ಟು ಮುದುಕ ಉಡುಕ್ಕೈ ಬಾರಿಸತೊಡಗಿದ. ದನಿ ಏರಿತು, ಮೈ ನಡುಗಿತು. ನಮ್ಮೂರಿನ ಭೂತದ ಪಾತ್ರಿಯನ್ನೂ ಭಗವತಿಯ ವೆಳಿಚ್ಚಪ್ಪಾಡರನ್ನೂ ಕಂಡು ಬೆಳೆದ ನನಗೆ ಇದು ಹೊಸತಲ್ಲ. ಘಾಟಿಯ ದಾರಿಯಲ್ಲಿ ಹುಡುಗ ಹೆದರಿದ್ದಾನೆ ಎಂದಿತು ದೇವರು. ನಾನು ಒಳಗೊಳಗೇ ನಕ್ಕೆ. ಆಮೇಲೆ ಆ ದನಿ ಮಾವನನ್ನು ಕೇಳಿತು: “ಇವನು ಯಾರ ಜೊತೆ ಕೂತು ಉಣ್ಣುತ್ತಾನೆ?”

ಯಾರೂ ಮಾತಾಡಲಿಲ್ಲ. ದಿನಕ್ಕೆ ನೂರಾರು ಜನ ಉಣ್ಣುವ ಹೋಟೆಲು ಅದು. ಭಾವನ ತಟ್ಟೆಯನ್ನು ಮಾತ್ರ ಕೋಣೆಯ ಬಾಗಿಲು ಅರ್ಧ ತೆರೆದು ಒಳಗೆ ನೂಕುತ್ತಿದ್ದೆವು.

ನಲವತ್ತೆಂಟು ದಿನ ಅವನನ್ನು ಒಂಟಿಯಾಗಿ ಬಿಡಬಾರದು, ಎರಡು ಹೊತ್ತೂ ತಂದೆ ಜೊತೆಗೆ ಉಣ್ಣಬೇಕು, ಚಿತ್ತಿರೈ ತಿಂಗಳಲ್ಲಿ ತಾಯಿ ವೀರಪಾಂಡಿಯ ಗೌಮಾರಿಯಮ್ಮನಿಗೆ ಬೆಂಕಿಯ ಮಡಕೆ ಹೊರಬೇಕು ಎಂದು ಕಟ್ಟಳೆಯಾಯಿತು. ಕೈಗೆ ನೂಲು ಕಟ್ಟಿದ. ಮಾತ್ರೆಯ ವಿಷಯ ಅತ್ತೆ ಕೇಳಿದಾಗ, “ಅದನ್ನು ಕೊಟ್ಟವರನ್ನೇ ಕೇಳಿ” ಎಂದ. ಐವತ್ತೊಂದು ರೂಪಾಯಿ ಪಡೆದು ನಡೆದುಕೊಂಡೇ ಹೋದ.

ಇಂಥವರನ್ನು ಪಂಡಿತರು ಶಾಮನ್ ಎನ್ನುತ್ತಾರೆ. ಸೈಬೀರಿಯದ ತುಂಗುಸ್ ಜನರ ಮಾತು ಅದು. ಅಲ್ಲಿ ಡೋಲಿನ ಸದ್ದಿನೊಡನೆ ಶಾಮನ್ನನ ಜೀವವೇ ಬೇರೆ ಲೋಕಕ್ಕೆ ಹೋಗಿ ರೋಗಿಯ ಕಳೆದುಹೋದ ಪ್ರಾಣವನ್ನು ತರುತ್ತದೆಯಂತೆ. ನಮ್ಮ ಕಡೆ ದೇವರೇ ಇಳಿದು ಬರುತ್ತದೆ. ತಮಿಳಿನ ಸಂಗಂ ಕಾಲದ ಪ್ರೇಮಪದ್ಯಗಳಲ್ಲೂ ಇದುಂಟು. ಮಗಳು ಸೊರಗಿದಳೆಂದು ತಾಯಿ ಮುರುಗನ ಪೂಜಾರಿ ವೇಲನನ್ನು ಕರೆಸುತ್ತಾಳೆ. ಅವನು ಗಜ್ಜುಗದ ಕಾಯಿ ಹಾಕಿ ನೋಡುತ್ತಾನೆ, ಆವೇಶದಿಂದ ಕುಣಿಯುತ್ತಾನೆ, ಆಡಿನ ಬಲಿಯಾಗುತ್ತದೆ. ಹುಡುಗಿಯ ಗೆಳತಿಗೆ ಮಾತ್ರ ಗೊತ್ತು, ಅದು ದೇವರ ಕಾಟವಲ್ಲ, ಬೆಟ್ಟದ ಹುಡುಗನ ಮೇಲಿನ ಒಲವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಈ ಆಚರಣೆಯೂ ಇತ್ತು, ಅದನ್ನು ಕಂಡು ನಗುವವರೂ ಇದ್ದರು. ನಾನು ನಗುವವರ ಸಾಲಿನಲ್ಲಿ ನಿಂತಿದ್ದೆ, ಗೆಳತಿಗಿದ್ದ ತಿಳಿವಳಿಕೆ ಮಾತ್ರ ನನಗಿರಲಿಲ್ಲ.

ಅದೇ ವರ್ಷ ಆಗಸ್ಟ್ 6ರಂದು ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಮನೋರೋಗಿಗಳನ್ನಿಟ್ಟಿದ್ದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ನಾನು ಲೆಕ್ಕ ಹಾಕಿದ್ದ ಜಾಗ ಅದಲ್ಲ, ಆದರೆ ಅಂಥದೇ. ಮನೆಯಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ಆ ಬಿಲ್ಲಿನ ಚೂರು ಇನ್ನೂ ನನ್ನ ಅಂಗಿಯ ಜೇಬಿನಲ್ಲಿತ್ತು.

ಮರುವರ್ಷ, 2002ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರ ಒಂದು ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ನಾನು ಅದರ ಬಗ್ಗೆ ಓದಿದ್ದು ಬಹಳ ತಡವಾಗಿ. ತಮಿಳುನಾಡಿನ ವೇಲಾಯುಧಂಪಾಳಯಂಪುದೂರಿನ ಮುತ್ತುಸ್ವಾಮಿ ಗುಡಿಗೆ ಬಂದು ತಂಗಿದ 31 ಮನೋರೋಗಿಗಳನ್ನು ಅವರು ಪರೀಕ್ಷಿಸಿದ್ದರು. ಅಲ್ಲಿ ದೊಡ್ಡ ಮಂತ್ರತಂತ್ರವೇನಿಲ್ಲ. ಬೆಳಿಗ್ಗೆ ಚಿಕ್ಕದೊಂದು ಪೂಜೆ, ಆಮೇಲೆ ಗುಡಿ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು. ರೋಗಿಯ ಜೊತೆ ಮನೆಯವರೊಬ್ಬರು ಇರುತ್ತಿದ್ದರು. ಸರಾಸರಿ ಆರು ವಾರಗಳಲ್ಲಿ ರೋಗಲಕ್ಷಣಗಳ ಅಳತೆ ಶೇಕಡಾ 20ರ ಹತ್ತಿರ ಇಳಿದಿತ್ತು. ಹೆದರಿಸದ, ಆಸರೆ ಕೊಡುವ ವಾತಾವರಣವೇ ಇದಕ್ಕೆ ಕಾರಣವಿರಬಹುದೆಂದು ಅವರು ಬರೆದರು. ಏರ್ವಾಡಿಯಲ್ಲೂ ಜನ ದೈವದ ಹೆಸರಲ್ಲೇ ತಂಗಿದ್ದರು. ಒಂದು ಕಡೆ ರೋಗಿಯ ಪಕ್ಕದಲ್ಲಿ ಮನೆಯವರಿದ್ದರು, ಇನ್ನೊಂದು ಕಡೆ ಸರಪಳಿ ಇತ್ತು.

ಕೋಡಂಗಿಗಳೆಲ್ಲ ಆ ಮುದುಕನಂತೆ ಎಂದು ನಾನು ಹೇಳಲಾರೆ. ಮೆಣಸಿನ ಹೊಗೆ ಹಾಕುವವರೂ ಬೆತ್ತದಲ್ಲಿ ಬಾರಿಸುವವರೂ ನಮ್ಮ ಕಡೆಯೇ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಬಾರದೆಂದು ಹೇಳಿದೆ. ಬೇಕಾಗಿದ್ದ ಕಾನೂನು. ಆದರೆ ಪಕ್ಕದಲ್ಲಿ ಕೂತು ಉಣ್ಣಿರಿ ಎಂದು ಯಾವ ಕಾನೂನೂ ಹೇಳಲಾರದು.

ಭಾವನಿಗೆ ನೂಲಿನಿಂದ ಗುಣವಾಯಿತೆಂದು ಬರೆದರೆ ಸುಳ್ಳಾದೀತು. ಅತ್ತೆ ಮದುರೆಗೆ ಹೋಗಿ ಮಾತ್ರೆ ನಿಲ್ಲಿಸಿದ್ದನ್ನು ವೈದ್ಯರ ಹತ್ತಿರ ಒಪ್ಪಿಕೊಂಡರು. ಅವರು ಬೈಯದೆ ಬೇರೆ ಮಾತ್ರೆ ಬರೆದರು. ಅದನ್ನು ಭಾವ ಇಂದಿಗೂ ನುಂಗುತ್ತಾನೆ. ಆದರೆ ಮೊದಲನೆಯ ಮಾತ್ರೆಯನ್ನು ಅವನು ತಂದೆಯ ಜೊತೆ ಊಟಕ್ಕೆ ಕೂತು ನುಂಗಿದ್ದು. 2002ರ ಚಿತ್ತಿರೈಯಲ್ಲಿ ಅತ್ತೆ ವೀರಪಾಂಡಿಗೆ ಹೋದಾಗ ಬೇವಿನೆಲೆಯ ನಡುವೆ ಬೆಂಕಿಯ ಮಡಕೆ ಹೊತ್ತ ಹೆಂಗಸರ ಸಾಲು ಕಣ್ಣು ಹಾಯುವಷ್ಟು ದೂರ ಇತ್ತು. ಕಣ್ಣು ಕಳೆದುಕೊಂಡ ಪಾಂಡ್ಯ ಅರಸನೊಬ್ಬ ಅಲ್ಲಿ ದೃಷ್ಟಿ ಪಡೆದನೆಂಬುದು ಸ್ಥಳದ ಐತಿಹ್ಯ. ಅತ್ತೆಯ ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಡೆದವನು ಭಾವ.

ಮಾವ ಈಗಿಲ್ಲ. ಹೋಟೆಲಿನ ಗಲ್ಲದಲ್ಲಿ ಭಾವ ಕೂರುತ್ತಾನೆ. ವರ್ಷಕ್ಕೊಮ್ಮೆ ನಾನು ಹೋದಾಗ, ಗಿರಾಕಿಗಳು ಎಷ್ಟೇ ಇರಲಿ, ಮಧ್ಯಾಹ್ನ ಎರಡು ಗಂಟೆಗೆ ಗಲ್ಲ ಮುಚ್ಚಿ ಎರಡು ಎಲೆ ಹಾಕಿಸುತ್ತಾನೆ. “ಬಾ ಭಾವ, ಒಟ್ಟಿಗೆ ಕೂರುವ” ಎನ್ನುತ್ತಾನೆ. ಆ ಲೆಕ್ಕದ ವಿಷಯವನ್ನು ನಾನು ಇದುವರೆಗೆ ಅವನಿಗೆ ಹೇಳಿಲ್ಲ.