ಗರಸು ಹತ್ತುವತನಕ

ವರದಾ ನದಿ ದಂಡೆಯ ಕರ್ಜಗಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವರು ‘ಇಂಜಿನಿಯರ್ ಸಾಹೇಬ್ರು’. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಕಲಿತು ಬಂದವರು, 1997ರಲ್ಲಿ ಹಾವೇರಿ ಜಿಲ್ಲೆಯಾದಾಗಲೂ ಊರು ಬಿಡಲಿಲ್ಲ.

ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಗೋಡೆಯೂ ಅದರೊಡನೆ ಸೀಳುತ್ತದೆ. ಅದಕ್ಕೇ ಗರಸು ಹತ್ತುವತನಕ ಪಾಯಾ ತೋಡದೆ ಅವರು ಕಲ್ಲು ಇಡಗೊಡುತ್ತಿರಲಿಲ್ಲ.

ಮಗಳನ್ನು ಕೊಟ್ಟವರು ಅದೇ ಊರಿನಲ್ಲಿ ಮನೆ ಕಟ್ಟಿಸಿದಾಗಲೂ ಅಷ್ಟೇ. ಮೂರು ಅಡಿ ಸಾಕೆಂದರು ಬೀಗರು. ಆರು ಅಡಿಗೂ ಗರಸು ಸಿಗಲಿಲ್ಲ.

“ರೊಕ್ಕಾ ಎಲ್ಲಾ ನೆಲದಾಗ ಹುಗಸ್ತೀರೇನ್ರೀ ಬೀಗರ?”

“ನನ್ನ ಮಗಳು ಮಲಗೂ ಮನಿರೀ ಅದು.”

ಮಾತು ಬೆಳೆಯಿತು. ಪಾಯಾ ಆಳವೇ ಆಯಿತು. ಆದರೆ ಆ ವರ್ಷದ ಪಂಚಮಿಗೆ ಮಗಳು ತವರಿಗೆ ಬರಲಿಲ್ಲ. ತಾಯಿ ಕಟ್ಟಿದ ಉಂಡಿ ಡಬ್ಬಿಯಲ್ಲೇ ಉಳಿದವು.

ಎರಡು ಬೇಸಿಗೆ ಕಳೆದವು. ಓಣಿಯ ಗೋಡೆಗಳು ಬೆರಳು ತೂರುವಷ್ಟು ಬಿರುಕುಬಿಟ್ಟವು. ಬೀಗರ ಮನೆಯ ಗೋಡೆಯಲ್ಲಿ ಕೂದಲೆಳೆಯಷ್ಟೂ ಸೀಳಿರಲಿಲ್ಲ. ಕಾರಹುಣ್ಣಿಮೆಗೆ ಬೀಗರೇ ಸೊಸೆಯನ್ನು ಕರೆದುಕೊಂಡು ಬಂದರು. ಹಳೆಯ ಮಾತು ಯಾರೂ ಎತ್ತಲಿಲ್ಲ, ಹೋಳಿಗೆ ಉಂಡರು.

ಸಾಹೇಬರು ಈಗಿಲ್ಲ. ಅವರ ಹೆಸರು ಕೆತ್ತಿದ ಕಲ್ಲು ಊರಿನ ಯಾವ ಕಟ್ಟಡದಲ್ಲೂ ಇಲ್ಲ. ಆದರೆ ಅವರ ಕೈಕೆಳಗೆ ದುಡಿದ ಗೌಂಡಿಗಳು ಇವತ್ತಿಗೂ ಪಾಯಾದೊಳಗೆ ಇಳಿದು, ಹಾರೆಯಿಂದ ಕುಕ್ಕಿ, ಗರಸಿನ ಸಪ್ಪಳ ಕೇಳಿದ ಮೇಲೆಯೇ ಹತ್ತಿ ಬರುತ್ತಾರೆ.