ನಿಂತಿದ್ದ ಎಂಜಿನ್ನು

ವಿಮಾನವನ್ನು ಹತ್ತಿರದಿಂದ ನೋಡಿಯೂ ಇಲ್ಲದವನು ಅದರ ಎಂಜಿನ್ನಿನ ವಿಷಯ ಬರೆಯಹೊರಟರೆ ಸಹಪಾಠಿಗಳು ನಕ್ಕಾರು. ಇತಿಹಾಸದ ವಿದ್ಯಾರ್ಥಿಗೆ ಇದೇಕೆಂದು ಗುರುಗಳೂ ಕೇಳಿಯಾರು. ತಪ್ಪು ನನ್ನದಲ್ಲ; ಇಂಗ್ಲೆಂಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗನದು.

ಅಣ್ಣ ಅಲ್ಲಿ ರಜೆಯ ದಿನಗಳಲ್ಲಿ ಪುಟ್ಟ ವಿಮಾನ ಹಾರಿಸಲು ಕಲಿತು ಪರವಾನಗಿಯನ್ನೂ ಪಡೆದ. ಈಗ ಹಳೆಯದೊಂದನ್ನು ಕೊಳ್ಳುವ ಹಂಬಲ ಅವನಿಗೆ. ಅವನ ಕಣ್ಣು ಬಿದ್ದುದು ಎಕ್ಸ್-ಏರ್ ಎಂಬ ಎರಡು ಆಸನದ ವಿಮಾನದ ಮೇಲೆ. ಅಲ್ಯೂಮಿನಿಯಂ ಕೊಳವೆಗಳ ಹಂದರ, ಮೇಲೆ ಬಟ್ಟೆಯ ಹೊದಿಕೆ; ಬಿಡಿಭಾಗಗಳನ್ನು ತರಿಸಿ ಕೊಂಡವರೇ ಜೋಡಿಸಿಕೊಳ್ಳುವಂಥದು. ಅದನ್ನು ತಯಾರಿಸಿದ್ದು ನಮ್ಮ ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಎಂದು ತಿಳಿದಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಮಾರಾಟಕ್ಕಿದ್ದುವು ಎರಡು. ಒಂದಕ್ಕೆ ಆಸ್ಟ್ರಿಯ ದೇಶದ ರೋಟಾಕ್ಸ್ 582 ಎಂಜಿನ್ನು: ಟೂ-ಸ್ಟ್ರೋಕ್, ಎರಡು ಸಿಲಿಂಡರು, ಸುಮಾರು 64 ಅಶ್ವಶಕ್ತಿ. ಓಡಿದ್ದು ಕೇವಲ 110 ಗಂಟೆ. ಇನ್ನೊಂದಕ್ಕೆ ಆಸ್ಟ್ರೇಲಿಯದ ಜಬಿರು 2200: ಫೋರ್-ಸ್ಟ್ರೋಕ್, ನಾಲ್ಕು ಸಿಲಿಂಡರು, 80ಕ್ಕೂ ಮೇಲ್ಪಟ್ಟ ಅಶ್ವಶಕ್ತಿ. ಅದು 460 ಗಂಟೆ ಓಡಿತ್ತು. ಅಣ್ಣನ ಮನಸ್ಸು ಮೊದಲನೆಯದಕ್ಕೆ ಒಲಿದಿತ್ತು. ಆದರೂ, "ದೊಡ್ಡಪ್ಪನನ್ನು ಒಂದು ಮಾತು ಕೇಳು" ಎಂದು ಕಾಗದಪತ್ರಗಳನ್ನೆಲ್ಲ ನನ್ನ ಫೋನಿಗೆ ಕಳುಹಿಸಿದ. ನನ್ನ ತಂದೆ ಪಂಪ್‌ಸೆಟ್ಟಿನ ಎಂಜಿನ್ನುಗಳನ್ನು ರಿಪೇರಿ ಮಾಡುವವರು. ಓದು ಬಾರದು. ನಾನು ಓದಿ ಕನ್ನಡದಲ್ಲಿ ಹೇಳಿದೆ.

ಎಲ್ಲವನ್ನೂ ಕೇಳಿ ಅಪ್ಪ ಅಂದರು: "ಎಷ್ಟು ಓಡಿದೆ ಅಂತ ಹೇಳಿದೆ. ಎಷ್ಟು ದಿನ ನಿಂತಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ಮತ್ತೆ ಪುಟ ತಿರುವಿದೆ. ಮೊದಲನೆಯ ವಿಮಾನದ ಲಾಗ್ ಪುಸ್ತಕದ ಕೊನೆಯ ಬರಹಕ್ಕೆ ಆರು ವರ್ಷವಾಗಿತ್ತು. ಆ ಎಂಜಿನ್ನನ್ನು 300 ಗಂಟೆ ಇಲ್ಲವೇ 5 ವರ್ಷ, ಯಾವುದು ಮೊದಲೋ ಆಗ ಬಿಚ್ಚಿ ಕಟ್ಟಬೇಕೆಂಬುದು ತಯಾರಕರ ನಿಯಮ. ನಾನು ಅಪ್ಪನಿಗೆ 300 ಗಂಟೆಯನ್ನು ಹೇಳಿದ್ದೆ. 5 ವರ್ಷವನ್ನು ಮುಖ್ಯವಲ್ಲವೆಂದು ಬಿಟ್ಟಿದ್ದೆ. ಓದು ಬಲ್ಲವನು ಬಿಟ್ಟದ್ದನ್ನು ಓದು ಬಾರದವರು ಹಿಡಿದರು. ಆ ನಾಚಿಕೆ ಇನ್ನೂ ಹೋಗಿಲ್ಲ.

ಅಪ್ಪನಿಗೆ ಆ ಪ್ರಶ್ನೆ ಸುಮ್ಮನೆ ಹೊಳೆದುದಲ್ಲ. ನಾನು ಏಳನೆಯ ತರಗತಿಯಲ್ಲಿದ್ದಾಗ ಅವರು ನಮ್ಮ ಹೊಲಕ್ಕೆಂದು ಹಳೆಯ ಡೀಸೆಲ್ ಎಂಜಿನ್ ತಂದರು. ಎರಡೇ ಬೇಸಗೆ ಓಡಿದ್ದೆಂದು ಮಾರಿದವರು ಹೇಳಿದ್ದರು. ಕೊಟ್ಟಿಗೆಯ ಮೂಲೆಯಲ್ಲಿ ನಾಲ್ಕು ಮಳೆಗಾಲ ಕಳೆದುದನ್ನು ಹೇಳಿರಲಿಲ್ಲ. ಮೂರನೆಯ ದಿನ ಅದು ಕಚ್ಚಿಕೊಂಡಿತು. ಆ ವರ್ಷ ಕಡಲೆಕಾಯಿ ಬಳ್ಳಿಯಲ್ಲೇ ಸುಟ್ಟಿತು.

"ಓಡೋ ಎಂಜಿನ್ನಿಗೆ ಎಣ್ಣೆ ಮೈಯೆಲ್ಲ ಹರಿದಾಡ್ತದೆ. ನಿಂತದ್ದಕ್ಕೆ ತೇವ ಕೂತ್ಕೊಳ್ತದೆ" ಎಂದು ಅಪ್ಪ ಫೋನಿನಲ್ಲಿ ಅಣ್ಣನಿಗೆ ವಿವರಿಸಿದರು. ಟೂ-ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಬೇರಿಂಗುಗಳಿಗೆ ಪೆಟ್ರೋಲಿನೊಡನೆ ಬರುವ ಎಣ್ಣೆಯೇ ಗತಿ. ವರ್ಷಗಟ್ಟಲೆ ನಿಂತರೆ ಬೇರಿಂಗು ತುಕ್ಕು ಹಿಡಿಯುತ್ತದೆ, ರಬ್ಬರ್ ಸೀಲು ಗಟ್ಟಿಯಾಗುತ್ತದೆ. ಗಂಟೆಯ ಲೆಕ್ಕದಲ್ಲಿ ಇದು ಕಾಣುವುದಿಲ್ಲ.

ಹಾಗೆಂದು ಎರಡನೆಯದನ್ನು ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. ಜಬಿರು ಎಂಜಿನ್ನಿನ ವಿಮಾನಗಳಿಗೆ 2014ರಲ್ಲಿ ಆಸ್ಟ್ರೇಲಿಯದ ವಿಮಾನಯಾನ ಸುರಕ್ಷತಾ ಪ್ರಾಧಿಕಾರವು ಕೆಲವು ನಿರ್ಬಂಧ ಹಾಕಿತ್ತು. ಬೋಲ್ಟು, ವಾಲ್ವುಗಳು ಮುರಿದ ದೂರುಗಳಿದ್ದುವು. ಆದುದರಿಂದ ಬೋಲ್ಟು ಬದಲಿಸಿದ ದಾಖಲೆ ಕೇಳು, ನಾಲ್ಕು ಸಿಲಿಂಡರಿನ ಕಂಪ್ರೆಷನ್ನೂ ಸಮವಾಗಿದೆಯೇ ನೋಡಿಸು ಎಂದೆವು. ಮೊದಲನೆಯದನ್ನೇ ಕೊಂಡು ಎಂಜಿನ್ ಬದಲಿಸಿದರಾಗದೇ ಎಂದ ಅಣ್ಣ. ಎಂಜಿನ್ನಿನ ತೂಕ ಬದಲಾದರೆ ವಿಮಾನದ ಸಮತೋಲವೂ ಬದಲಾಗುತ್ತದೆ, ಮತ್ತೆ ಅನುಮತಿ ಬೇಕಾಗುತ್ತದೆ ಎಂದು ಈ ಸಲ ಏನನ್ನೂ ಬಿಡದೆ ಓದಿ ಹೇಳಿದೆ.

"ಎಂಜಿನ್ ನಿಂತರೂ ವಿಮಾನ ಕಲ್ಲಿನ ಹಾಗೆ ಬೀಳೋಲ್ಲ, ದೊಡ್ಡಪ್ಪ. ತೇಲಿಕೊಂಡೇ ಇಳಿಯುತ್ತೆ" ಎಂದು ಅಣ್ಣ ಸಮಾಧಾನ ಹೇಳಿದ.

"ಇಳಿಯೋಕೆ ಜಾಗ ಸಿಗಬೇಕಲ್ಲಪ್ಪ" ಎಂದರು ಅಪ್ಪ.

ಅಣ್ಣ ಮುಂಗಡ ಕೊಡುವುದನ್ನು ನಿಲ್ಲಿಸಿ, ಎರಡನೆಯ ವಿಮಾನವನ್ನು ಪರೀಕ್ಷಕರೊಬ್ಬರಿಗೆ ತೋರಿಸಲು ಒಪ್ಪಿದ್ದಾನೆ. ಅವರ ವರದಿ ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ಅಪ್ಪನಿಗೆ ಓದಿ ಹೇಳಬೇಕಾದವನು ನಾನೇ.