ಊದುಗೊಳವೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದವರನ್ನು ನೀವು ನೋಡಿರುತ್ತೀರಿ. ಹಪ್ಪಳ, ಸಂಡಿಗೆ, ಲೇಹ್ಯದ ಡಬ್ಬ ಹೊತ್ತು ಹೋಗುತ್ತಾರೆ. ಆರು ತಿಂಗಳ ಮೇಲೆ ಮೊಮ್ಮಗುವಿನ ಫೋಟೋಗಳೊಂದಿಗೆ ಹಿಂತಿರುಗುತ್ತಾರೆ. ನಾನು ಹೋದದ್ದು ಹಾಗಲ್ಲ. ಒಂದು ರಾತ್ರಿ ಮಗಳು ಫೋನು ಮಾಡಿ, "ಅಮ್ಮ, ಮೂರು ತಿಂಗಳು ರಜೆ ತಗೋಬೇಕು ಅಂತ ಡಾಕ್ಟರು ಹೇಳಿದಾರೆ. ಗಾಬರಿಯಾಗ್ಬೇಡ, ಕಾಯಿಲೆ ಏನಿಲ್ಲ, ಸುಸ್ತು ಅಷ್ಟೆ" ಎಂದಳು. ಮೂವತ್ತೊಂದು ವರ್ಷದವಳಿಗೆ, ಕಾಯಿಲೆ ಏನೂ ಇಲ್ಲದೆ, ಮೂರು ತಿಂಗಳ ರಜೆಯೇ? ದಸರಾ ರಜೆಗೆ ಗಳಿಕೆ ರಜೆ ಸೇರಿಸಿಕೊಂಡು, ಹತ್ತನೇ ತರಗತಿಯ ಕನ್ನಡವನ್ನು ಸಹೋದ್ಯೋಗಿಯ ಕೊರಳಿಗೆ ಕಟ್ಟಿ, ಅರಿಜೋನಾದ ಫೀನಿಕ್ಸಿಗೆ ಹೊರಟೆ.

ಹೋದ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಮಗಳು ಹಾಸಿಗೆಯಲ್ಲಿಲ್ಲ. ದೋಸೆ ಹುಯ್ಯುತ್ತಿದ್ದ ಅಳಿಯ, "ಪಕ್ಕದ ಮನೇಲಿರ್ತಾಳೆ ಅತ್ತೆ" ಎಂದು ನಕ್ಕ. ಹೋಗಿ ನೋಡುತ್ತೇನೆ, ಕಾರು ನಿಲ್ಲಿಸುವ ಷೆಡ್ಡಿನಲ್ಲಿ ಕಾರಿನ ಬದಲು ಒಂದು ಬೋಟು. ಅದರ ಹಿಂಭಾಗದ ಮುಚ್ಚಳ ತೆರೆದು, ಮೊಣಕೈತನಕ ಗ್ರೀಸು ಮೆತ್ತಿಕೊಂಡು, ತಲೆ ಕೆಳಗೆ ಮಾಡಿ ಬಗ್ಗಿದ್ದಾಳೆ ನನ್ನ ಮಗಳು! ಪಕ್ಕದಲ್ಲಿ ಎಪ್ಪತ್ತು ದಾಟಿದ ಮುದುಕ ಟಾರ್ಚು ಹಿಡಿದು ನಿಂತಿದ್ದಾನೆ. ಲಾರಿ ಮೆಕ್ಯಾನಿಕ್ ಆಗಿ ನಿವೃತ್ತನಾದವನಂತೆ. ಈಗ ಕೈ ನಡುಗುತ್ತದೆ, ಸಣ್ಣ ನಟ್ಟು ಬೋಲ್ಟು ಹಿಡಿಯಲು ಮಗಳ ಬೆರಳು ಬೇಕು. ನನಗೆ ಮೈಯೆಲ್ಲ ಉರಿಯಿತು. ವಿಶ್ರಾಂತಿಗೆಂದು ರಜೆ ಕೊಟ್ಟರೆ ಇದೇನು ಗ್ಯಾರೇಜಿನ ಕೂಲಿ!

"ಏನೇ ಮಾಡ್ತಿದೀಯ?" ಎಂದೆ.

"ಈ ಎಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕ್ತಿದೀವಿ ಅಮ್ಮ" ಎಂದಳು, ತಲೆ ಎತ್ತದೆ.

ಅವಳು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಸೇರಿದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಸೇರಿಸಿದ್ದು ನಾನು ಎಂದರೂ ತಪ್ಪಿಲ್ಲ.

ಎರಡು ದಿನ ಮುನಿಸಿಕೊಂಡಿದ್ದೆ. ಮೂರನೆಯ ದಿನ ಬೇಜಾರು ತಾಳಲಾರದೆ ಷೆಡ್ಡಿಗೆ ಹೋಗಿ ಕುರ್ಚಿ ಹಾಕಿಕೊಂಡೆ. ಬಿ.ಎ., ಬಿ.ಇಡಿ. ಓದಿದ ನನಗೂ ಎಂಜಿನ್ನಿಗೂ ಎಲ್ಲಿಯ ಸಂಬಂಧ? ಆದರೆ ಮಗಳಿಗೆ ಪಾಠ ಹೇಳುವ ಹುಕಿ ಬಂದಿತ್ತು. "ಅಜ್ಜಿ ಒಲೆ ಊದ್ತಿದ್ದದ್ದು ನೆನಪಿದೆಯಾ? ಇದು ಅದೇ ಊದುಗೊಳವೆ" ಎಂದು ಶುರುಮಾಡಿದಳು.

ಆ ಎಂಜಿನ್ನು ಷೆವ್ರೊಲೆ ಕಂಪನಿಯದು, ಎಂಟು ಸಿಲಿಂಡರಿನದು, 454 ಘನ ಅಂಗುಲದ್ದು. ನಮ್ಮ ಲೆಕ್ಕದಲ್ಲಿ 7.4 ಲೀಟರು. 'ಬಿಗ್ ಬ್ಲಾಕ್' ಎನ್ನುತ್ತಾರೆ. ನಮ್ಮ ಊರಿನ ಚಿಕ್ಕ ಕಾರುಗಳ ಎಂಜಿನ್ನು ಒಂದು ಲೀಟರಿನ ಆಸುಪಾಸು ಎಂದರೆ ಇದರ ಹೊಟ್ಟೆ ಎಷ್ಟು ದೊಡ್ಡದೆಂದು ನೀವೇ ಊಹಿಸಿ. ಇಂಥ ಎಂಜಿನ್ನು ತಾನಾಗಿ ಉಸಿರೆಳೆದುಕೊಂಡಷ್ಟು ಗಾಳಿಯಲ್ಲಿ ಪೆಟ್ರೋಲು ಉರಿಸುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಪೆಟ್ರೋಲು, ಅದಕ್ಕೆ ಹೆಚ್ಚು ಗಾಳಿ. ಆ ಗಾಳಿಯನ್ನು ಒತ್ತಿ ಒಳಗೆ ತುರುಕುವುದೇ ಸೂಪರ್‌ಚಾರ್ಜರಿನ ಕೆಲಸ. ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ಲೋಹದ ಪೆಟ್ಟಿಗೆ, ಒಳಗೆ ಎರಡು ತಿರುಗುಣಿಗಳು. ಕಬ್ಬಿನ ಗಾಣದ ಎರಡು ಉರುಳೆಗಳ ಹಾಗೆ ತಿರುಗುತ್ತವೆ, ಆದರೆ ಒಂದನ್ನೊಂದು ಮುಟ್ಟುವುದಿಲ್ಲ. 1860ರ ಸುಮಾರಿಗೆ ಇಂಡಿಯಾನಾದ ರೂಟ್ಸ್ ಎಂಬ ಅಣ್ಣತಮ್ಮಂದಿರು ಇದನ್ನು ರೂಪಿಸಿದರಂತೆ. ಮುಂದೆ ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದಲು ಬಳಕೆಗೆ ಬಂತು. ಅಂದರೆ ಕಮ್ಮಾರನ ತಿದಿಯೇ ಕಾಲಾಂತರದಲ್ಲಿ ಬೋಟು ಹತ್ತಿತು!

"ಅಷ್ಟೇ ತಾನೆ? ಪೆಟ್ಟಿಗೆ ಕೂರಿಸಿ ಬೆಲ್ಟು ಹಾಕಿದರಾಯ್ತು. ವಾರಗಟ್ಟಲೆ ಯಾಕೆ ಒದ್ದಾಡ್ತೀರಿ?" ಎಂದೆ.

ಮಗಳು ಒಂದು ಪಿಸ್ಟನ್ನನ್ನು ನನ್ನ ಕೈಗಿಟ್ಟಳು. ಬೋಟಿನ ಹಿಂದಿನ ಯಜಮಾನ ವೇಗದ ಆಸೆಗೆ ಒಳಗಿನ ಒತ್ತಡ ಹೆಚ್ಚಿಸುವಂಥ ಪಿಸ್ಟನ್ನುಗಳನ್ನು ಹಾಕಿಸಿದ್ದನಂತೆ. ಸಿಲಿಂಡರಿನಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲಿಗೆ ಕುಗ್ಗುತ್ತಿತ್ತು. "ಮೊದಲೇ ಅಷ್ಟು ಒತ್ತಡ ಇರೋದಕ್ಕೆ ಮೇಲಿಂದ ಗಾಳಿ ತುರುಕಬಾರದು ಅಮ್ಮ. ಒಳಗಿನದನ್ನ ಎಂಟಕ್ಕೆ ಇಳಿಸಬೇಕು, ಬಡಿದು ಮಾಡಿದ ಗಟ್ಟಿ ಪಿಸ್ಟನ್ನು ಹಾಕಬೇಕು, ಆಮೇಲೆ ಊದೋದು." ಊದುವುದೂ ಬಹಳವಲ್ಲ. ಸುತ್ತಲಿನ ಗಾಳಿಯ ಒತ್ತಡವೇ ಚದರ ಅಂಗುಲಕ್ಕೆ 14.7 ಪೌಂಡು, ಅದರ ಮೇಲೆ ಐದು ಪೌಂಡು, ಮೂರರಲ್ಲೊಂದು ಪಾಲು ಅಷ್ಟೆ. ಒತ್ತಿದ ಗಾಳಿ ಸೈಕಲ್ ಪಂಪಿನ ಬುಡದಂತೆ ಬಿಸಿಯಾಗುತ್ತದೆ, ಅದನ್ನು ಕೆರೆಯ ನೀರಿನಿಂದ ತಣಿಸಬೇಕು. ಪೆಟ್ರೋಲು ಹೆಚ್ಚಿಸಬೇಕು, ಕಿಡಿ ಹಾರುವ ಹೊತ್ತನ್ನು ತುಸು ತಡಮಾಡಬೇಕು. ತಮಾಷೆಯೆಂದರೆ ಈ ಊದುಗೊಳವೆಯನ್ನು ತಿರುಗಿಸುವ ಶಕ್ತಿಯೂ ಆ ಎಂಜಿನ್ನಿನದೇ. ತನ್ನನ್ನು ಊದುವವರಿಗೆ ತಾನೇ ಅನ್ನ ಹಾಕಬೇಕು.

"ಕಾರಿಗೂ ಇಷ್ಟೆಲ್ಲ ಬೇಕೇನೇ?"

"ಕಾರು ಒಂದು ನಿಮಿಷ ಏರಿದರೆ ಇನ್ನೊಂದು ನಿಮಿಷ ಇಳಿಯತ್ತೆ. ಬೋಟಿಗೆ ಹಾಗಿಲ್ಲ. ನೀರು ಯಾವಾಗಲೂ ಹಿಡಿದೆಳೀತಾನೇ ಇರತ್ತೆ. ನೀರಿನಲ್ಲಿ ಇಳಿಜಾರಿಲ್ಲ ಅಮ್ಮ."

ಇಷ್ಟಾದರೂ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಕೇಳಿದೆ. ಕಿಡಿ ಹಾರಿದ ಮೇಲೆ ಬೆಂಕಿ ಒಂದು ಕಡೆಯಿಂದ ಹದವಾಗಿ ಹರಡಬೇಕು. ಒತ್ತಡ, ಬಿಸಿ ಮೀರಿದರೆ ಉಳಿದ ಪೆಟ್ರೋಲು ತಾನಾಗಿಯೇ ಸಿಡಿಯುತ್ತದೆ. ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು. ಕಾರಿನಲ್ಲಾದರೆ ಕೇಳಿಸಿ ಕಾಲು ತೆಗೆಯುತ್ತಾರೆ. ಬೋಟಿನಲ್ಲಿ ನೀರಿನ ಅಬ್ಬರ, ಹೊಗೆಕೊಳವೆಯ ಅಬ್ಬರ. "ಏನೂ ಕೇಳಿಸಲ್ಲ. ಚೆನ್ನಾಗಿ ಓಡ್ತಿದೆ ಅಂತಲೇ ಅನ್ಕೊಂಡಿರ್ತೀವಿ. ಪಿಸ್ಟನ್ನು ಕರಗಿ ತೂತಾದ ಮೇಲೇ ಗೊತ್ತಾಗೋದು" ಎಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ.

ಎಸ್ಸೆಸ್ಸೆಲ್ಸಿ ವರ್ಷ ಅವಳನ್ನು ನಾಲ್ಕೂವರೆಗೆ ಎಬ್ಬಿಸುತ್ತಿದ್ದೆ. ಮೇಡಂ ಮಗಳು ಎಂಬ ಹಣೆಪಟ್ಟಿ ಬೇರೆ. 96 ಬಂದರೆ ಉಳಿದ ನಾಲ್ಕೆಲ್ಲಿ ಎಂದು ಕೇಳುವವರಲ್ಲಿ ನಾನೂ ಒಬ್ಬಳು. ಆ ವರ್ಷ ಅವಳ ಹುಬ್ಬಿನ ಕೂದಲು ಉದುರತೊಡಗಿತು. ಉಷ್ಣವೆಂದು ತಿಂಗಳುಗಟ್ಟಲೆ ಹರಳೆಣ್ಣೆ ಹಚ್ಚಿದೆ. ಓದುತ್ತಾ ಕೂತಾಗ ಅವಳೇ ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಶಾಲೆಗೇ ಮೊದಲು ಬಂದಳು. ಚೆನ್ನಾಗಿ ಓಡುತ್ತಿದೆ ಎಂದುಕೊಂಡು ಮತ್ತಷ್ಟು ಊದಿದೆ.

ಐದು ವಾರಗಳ ಮೇಲೆ ಬೋಟು ಸಿದ್ಧವಾಯಿತು. ಮುದುಕನ ಪಿಕಪ್ಪಿನ ಹಿಂದೆ ಅದನ್ನು ಕಟ್ಟಿಕೊಂಡು ಲೇಕ್ ಹವಾಸು ಎಂಬಲ್ಲಿಗೆ ಹೋದೆವು. ಕೊಲೊರಾಡೊ ನದಿಗೆ 1938ರಲ್ಲಿ ಮುಗಿದ ಪಾರ್ಕರ್ ಅಣೆಕಟ್ಟಿನಿಂದಾದ ಸರೋವರ ಅದು. ಸುತ್ತ ಮರುಭೂಮಿ, ನಡುವೆ ಲಂಡನ್ ಸೇತುವೆ! ಕಣ್ಣು ತಪ್ಪಿ ಓದಿದಿರೆಂದುಕೊಳ್ಳಬೇಡಿ. ಥೇಮ್ಸ್ ನದಿಯ ಮೇಲಿದ್ದ ಅಸಲು ಸೇತುವೆಯನ್ನೇ ರಾಬರ್ಟ್ ಮೆಕ್ಯುಲಕ್ ಎಂಬ ಉದ್ಯಮಿ 1968ರಲ್ಲಿ 24,60,000 ಡಾಲರಿಗೆ ಕೊಂಡು, ಕಲ್ಲುಗಳಿಗೆ ನಂಬರು ಹಾಕಿಸಿ ತಂದು, 1971ರಲ್ಲಿ ಇಲ್ಲಿ ನಿಲ್ಲಿಸಿದ. ಬೋಟಿನ ಎಂಜಿನ್ನುಗಳನ್ನು ಪರೀಕ್ಷಿಸಲೆಂದು ಇಲ್ಲಿ ಜಾಗ ಹಿಡಿದವನು ಅವನು. 1930ರ ದಶಕದಲ್ಲಿ ಕಾರುಗಳಿಗೆ ಸೂಪರ್‌ಚಾರ್ಜರ್ ಮಾಡಿದವನೂ ಅವನೇ. ಹಳೆಯ ಕಲ್ಲು ಈಗಿನ ಭಾರ ಹೊರಲಾರದೆಂದು ಒಳಗೆ ಕಾಂಕ್ರೀಟಿನ ಗೂಡು ಕಟ್ಟಿ ಹೊರಗೆ ಆ ಕಲ್ಲು ಹೊದಿಸಿದ್ದಾರೆ ಎಂದು ಮಗಳು ಹೇಳಿದಳು.

ನೀರಿಗಿಳಿಸಿದ ಮೇಲೆ ಮುದುಕ ಒಂದು ಸ್ವಿಚ್ಚು ಒತ್ತಿ ಕೈಕಟ್ಟಿ ಕೂತ. ಸಣ್ಣ ಫ್ಯಾನೊಂದು ಗುಂಯ್ ಎಂದಿತು. ಎಂಜಿನ್ನಿನ ಗೂಡಿನಲ್ಲಿ ಪೆಟ್ರೋಲಿನ ಆವಿ ಕಟ್ಟಿಕೊಂಡಿದ್ದರೆ ಒಂದು ಕಿಡಿಗೆ ಬೋಟೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಶುರುಮಾಡುವ ಮೊದಲು ನಾಲ್ಕು ನಿಮಿಷ ಆ ಗಾಳಿಯನ್ನು ಹೊರದೂಡಬೇಕು. ಒಳಗೆ ಊದುವುದಕ್ಕೆ ಮೊದಲು ಹೊರಗೆ ಊದುವುದು.

ಮಗಳು ನೀರು ನೋಡುತ್ತಾ, "ಅಮ್ಮ, ಆ ಕೆಲಸಕ್ಕೆ ವಾಪಸ್ಸು ಹೋಗಲ್ಲ ಅನ್ಸತ್ತೆ" ಎಂದಳು.

ಮನೆ ಸಾಲ, ಊರಿನವರ ಮಾತು, ಇಷ್ಟು ಓದಿ ಕೊನೆಗೆ ಇದೇನೆಂಬ ಪ್ರಶ್ನೆ, ಎಲ್ಲ ನಾಲಿಗೆಯ ತುದಿಗೆ ಬಂದವು. ಫ್ಯಾನು ಇನ್ನೂ ತಿರುಗುತ್ತಿತ್ತು. ನುಂಗಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ, "ನಿನ್ನ ಹುಬ್ಬಿಗೆ ಹರಳೆಣ್ಣೆ ಹಚ್ತಿದ್ನಲ್ಲ, ಅದು ಎಣ್ಣೆಗೆ ಹೋಗೋ ಅಂಥದ್ದಲ್ಲ ಅಂತ ನಂಗಾಗ ತಿಳೀಲಿಲ್ಲ ಕಣೇ" ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಗ್ರೀಸಿನ ಕೈಯನ್ನು ಹುಬ್ಬಿನ ಹತ್ತಿರ ಒಯ್ದು, ಹಾಗೆಯೇ ಇಳಿಸಿದಳು. "ವಾಸನೆ ಮಾತ್ರ ಸಹಿಸಕ್ಕಾಗ್ತಿರಲಿಲ್ಲ" ಎಂದು ನಕ್ಕಳು. ಕಣ್ಣು ಒದ್ದೆಯಾಗಿತ್ತು.

ಎಂಜಿನ್ನು ಗುಡುಗಿತು. ಮುದುಕ ಅಂದು ವೇಗ ಹೋಗಲಿಲ್ಲ. ಹೊಸ ಪಿಸ್ಟನ್ನು ಹೊಂದಿಕೊಳ್ಳಲಿ ಎಂದು ಮೀಟರುಗಳ ಮೇಲೆ ಕಣ್ಣಿಟ್ಟು ನಿಧಾನ ಸುತ್ತಿಸಿದ.

ಊರಿಗೆ ಮರಳಿ ಶಾಲೆ ಸೇರಿದ್ದೇನೆ. ಮಗಳ ಕೆಲಸದ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಫೋನು ಬಂದಾಗ ನಾನಾಗಿ ಕೇಳುವುದಿಲ್ಲ. ಹತ್ತನೇ ತರಗತಿಗೆ ಬೆಳಗಿನ ವಿಶೇಷ ತರಗತಿ ಮೊದಲಿನಂತೆಯೇ ಇದೆ, ಫಲಿತಾಂಶ ನೂರಕ್ಕೆ ನೂರು ಬರಬೇಕೆಂಬ ಹುಕುಮೂ ಇದೆ. ನಾನೀಗ ಮೊದಲ ನಾಲ್ಕು ನಿಮಿಷ ಪುಸ್ತಕ ತೆರೆಯುವುದಿಲ್ಲ. ತಿಂಡಿ ತಿಂದಿರಾ, ರಾತ್ರಿ ನಿದ್ದೆ ಬಂತಾ ಎಂದು ಕೇಳುತ್ತೇನೆ. ಮೊನ್ನೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಇಲ್ಲ ಮಿಸ್" ಎಂದಳು. ಅಂದು ಪಾಠ ಸ್ವಲ್ಪ ತಡವಾಗಿ ಶುರುವಾಯಿತು.